ತಿರುವಿನ ಹಿಂದಿನ ಆರುನೂರು ಅಡಿ

ಆಲ್ವಾ ಪೆಟ್ಟೆಂಗಿಲ್ ರೈಲು ಕಂಪನಿಯ ಅಧ್ಯಕ್ಷನಾದದ್ದು ಬೆಣ್ಣೆಯ ದೆಸೆಯಿಂದ. ಹಾಲ್‌ಬರೊ ಊರಿನಲ್ಲಿ ಇದನ್ನು ಯಾರೂ ತಮಾಷೆಗೆ ಹೇಳುತ್ತಿರಲಿಲ್ಲ. ವರ್ಮಾಂಟಿನ ಆ ಗುಡ್ಡಗಳಲ್ಲಿ ಕಲ್ಲು ಚೆನ್ನಾಗಿ ಬೆಳೆಯುತ್ತಿತ್ತು, ಅದನ್ನು ಬಿಟ್ಟರೆ ಹುಲ್ಲು. ಹುಲ್ಲಿದ್ದ ಕಡೆ ಹಸು, ಹಸುವಿದ್ದ ಕಡೆ ಬೆಣ್ಣೆ. ಆ ಬೆಣ್ಣೆಯೆಲ್ಲ ಕೊನೆಗೆ ಬಂದು ಸೇರುತ್ತಿದ್ದದ್ದು ಆಲ್ವಾನ ಅಂಗಡಿಗೆ.

ಹದಿನಾರನೇ ವಯಸ್ಸಿಗೆ ಅವನು ಬೆನ್ನ ಮೇಲೆ ತಗಡಿನ ಪಾತ್ರೆಗಳ ಪೆಟ್ಟಿಗೆ ಹೊತ್ತು ಮನೆಮನೆ ತಿರುಗಿದವನು. ಒಂದು ಸೌಟು ಕೊಟ್ಟು ಹಳೇ ಬಟ್ಟೆ ತಗೊಂಡ, ಒಂದು ಜರಡಿ ಕೊಟ್ಟು ಕುರಿಯ ಉಣ್ಣೆ ತಗೊಂಡ. ಮೂವತ್ತು ತುಂಬುವ ಹೊತ್ತಿಗೆ ಚರ್ಚಿನ ಎದುರು ಸ್ವಂತ ಅಂಗಡಿ ಹಾಕಿದ. ಊರಿಗೆಲ್ಲ ಅವನಲ್ಲಿ ಮಾತ್ರ ಒಂದು ಕಬ್ಬಿಣದ ತಿಜೋರಿ ಇತ್ತು. ಬೆಂಕಿಗೂ ಇಲಿಗೂ ಹೆದರಿದ ಜನ ತಮ್ಮ ಹಣವನ್ನು ತಂದು ಅದರಲ್ಲಿ ಇಡತೊಡಗಿದರು. ಇಟ್ಟವರು ಚೀಟಿ ಕೇಳುತ್ತಿರಲಿಲ್ಲ. ಅವನೇ ಬರೆದು, ಅವರ ಕೋಟಿನ ಜೇಬಿಗೆ ತುರುಕಿ ಕಳಿಸುತ್ತಿದ್ದ. ಹೀಗೆ ತಾನು ಅಂದುಕೊಳ್ಳದೆಯೇ ಬ್ಯಾಂಕಿನವನಾದ.

ದೊಡ್ಡ ರೈಲು ಹಾಯುತ್ತಿದ್ದ ಜಂಕ್ಷನ್ ಅಲ್ಲಿಂದ ಹದಿಮೂರು ಮೈಲಿ. ನಡುವೆ ಒಂದು ಗುಡ್ಡ. ಜುಲೈ ತಿಂಗಳಲ್ಲಿ ಕುದುರೆಗಾಡಿ ಆ ಗುಡ್ಡ ಏರಿ ಇಳಿಯುವಷ್ಟರಲ್ಲಿ ಮರದ ತೊಟ್ಟಿಗಳೊಳಗಿನ ಬೆಣ್ಣೆಯ ಮೇಲ್ಭಾಗ ಎಣ್ಣೆಯಾಗಿರುತ್ತಿತ್ತು. ಬಾಸ್ಟನ್ನಿನ ವ್ಯಾಪಾರಿ ಅದಕ್ಕೆ ಬೆರಳದ್ದಿ ನೋಡಿ, ಗಾಡಿಯ ಗಾಲಿಗೆ ಹಚ್ಚುವ ಜಿಡ್ಡಿನ ಬೆಲೆ ಕಟ್ಟುತ್ತಿದ್ದ. ಆಲ್ವಾ ಆ ವ್ಯಾಪಾರಿಯ ಕಾಗದಗಳನ್ನು ಎಲ್ಲರೂ ಓದಲಿ ಎಂದು ಅಂಗಡಿಯ ಕಂಬದ ಮೊಳೆಗೆ ಸಿಕ್ಕಿಸುತ್ತಿದ್ದ. ಜನ ಓದುತ್ತಿದ್ದರು. ಓದಿಯೂ ಅವನನ್ನೇ ಬೈಯುತ್ತಿದ್ದರು.

"ಬೆಣ್ಣೆ ಕರಗೋದು ನನ್ನ ತಪ್ಪಾ ಲವೀನಾ?" ಎಂದು ಒಂದು ಸಂಜೆ ಹೆಂಡತಿಯನ್ನು ಕೇಳಿದ.

ಲವೀನಾ ಕಾಲುಚೀಲ ಹೆಣೆಯುತ್ತಿದ್ದಳು. "ಸೂರ್ಯನ್ನ ಬೈಯೋಕಾಗಲ್ಲ, ಅವನು ಎತ್ತರದಲ್ಲಿದ್ದಾನೆ. ನೀನು ಕೈಗೆ ಸಿಗ್ತೀಯ," ಅಂದಳು.

ಆ ಚಳಿಗಾಲ ಅವನು ಜಾರುಬಂಡಿ ಹೂಡಿಕೊಂಡು ಮನೆಮನೆಗೆ ಹೊರಟ. ಮೊದಲು ತಗಡಿನ ಪೆಟ್ಟಿಗೆ ಹೊತ್ತು ತಿರುಗಿದ್ದ ದಾರಿಗಳೇ ಅವು. ಈ ಸಲ ಮಾರಲು ತಂದದ್ದು ಇನ್ನೂ ಹುಟ್ಟದ ಒಂದು ರೈಲು. ಹಣ ಇದ್ದವರು ಹಣ ಕೊಟ್ಟು ಷೇರು ತಗೊಂಡರು. ಇಲ್ಲದವರು ಹಳಿಯಡಿಗೆ ಹಾಕುವ ಮರದ ಸ್ಲೀಪರುಗಳನ್ನು ಕಡಿದು ಕೊಡುವುದಾಗಿ ಒಪ್ಪಿದರು. ಇಷ್ಟು ಸ್ಲೀಪರಿಗೆ ಇಷ್ಟು ಷೇರು. ಉಳಿದದ್ದನ್ನು ಊರು ತನ್ನ ತೆರಿಗೆಯಿಂದ ಕೊಡಬೇಕಿತ್ತು, ಮೂವತ್ತು ಸಾವಿರ ಡಾಲರ್. ಅದಕ್ಕೆ ಮೇಲುಕೇರಿಯ ಯುರೈಯಾ ಬ್ಲಾಜೆಟ್ ಅಡ್ಡ ನಿಂತ. ನಲವತ್ತು ಹಸುಗಳ ಒಡೆಯ, ಗಟ್ಟಿ ದನಿ, ಬಿಗಿ ಮುಷ್ಟಿ. ಅವನ ಹಿಂದೆ ಗುಡ್ಡದ ಜನ ಅರ್ಧಕ್ಕರ್ಧ ಇದ್ದರು.

ಬ್ಲಾಜೆಟ್‌ನ ಅಡುಗೆಮನೆಯಲ್ಲಿ, ಸೇಬಿನ ಸೈಡರ್ ಮುಂದಿಟ್ಟುಕೊಂಡು ಇಬ್ಬರೂ ಮಧ್ಯಾಹ್ನವಿಡೀ ಹಗ್ಗಜಗ್ಗಾಡಿದರು.

"ರೈಲು ಬರುತ್ತೆ ಅಂತೀಯ. ಬರ್ಲಿ ಬಿಡು. ಒಂದ್ಸಲ ಬಂದು ಹೊಗೆ ಬಿಟ್ಟು ನಿಂತ್ರೆ ನಂಗೇನಾಗ್ಬೇಕು? ಸರ್ಕಸ್ಸೂ ಒಂದ್ಸಲ ಬರುತ್ತೆ."

"ಮತ್ತೆ ಏನು ಬರೀಲಿ ಯುರೈಯಾ? ನೀನೇ ಹೇಳು."

"ಜಂಕ್ಷನ್ನಿಂದ ನಮ್ಮೂರವರೆಗೆ ಹಳಿ ಪೂರ್ತಿ ಹಾಕಿರ್ಬೇಕು. ಗಾಡಿ ಹೋಗ್ಬೇಕು, ಬರ್ಬೇಕು. ನಾಲ್ಕು ವರ್ಷದೊಳಗೆ. ಅಷ್ಟಾಯ್ತು ಅಂತ ನೀನು ದೇವರ ಮೇಲೆ ಆಣೆ ಇಟ್ಟು ಸಹಿ ಹಾಕ್ಬೇಕು. ಆಗ ಊರು ದುಡ್ಡು ಕೊಡ್ಲಿ."

ಆಲ್ವಾ ಅಲ್ಲೇ, ಆ ಮೇಜಿನ ಮೇಲೆಯೇ, ತನ್ನ ಕೈಯಾರೆ ಅದನ್ನು ಬರೆದ: ಸಾವಿರದ ಎಂಟುನೂರ ಎಪ್ಪತ್ತೆರಡನೇ ಇಸವಿಯ ಡಿಸೆಂಬರ್ ಮೂವತ್ತೊಂದರ ಸೂರ್ಯಾಸ್ತದೊಳಗೆ. ಬ್ಲಾಜೆಟ್ ಆದರೂ ವಿರುದ್ಧವೇ ಮತ ಹಾಕಿದ. ಆದರೆ ಗುಡ್ಡದ ಜನರಲ್ಲಿ ಸಾಕಷ್ಟು ಮಂದಿ ಆ ಸಾಲುಗಳನ್ನು ನಂಬಿ ಹೂಂ ಅಂದರು.

ನಾಲ್ಕು ವರ್ಷ ಗುಡ್ಡ ಕಡಿದದ್ದಾಯಿತು, ಜವುಗು ತುಂಬಿದ್ದಾಯಿತು. ಕೆಲಸ ನಡೆಸಿದವನು ಕಾನ್ ಡ್ರಿಸ್ಕಲ್ ಎಂಬ ಐರಿಷ್ ಮೇಸ್ತ್ರಿ. ಅವನ ಕೈಕೆಳಗೆ ನಲವತ್ತು ಜನ. ಹಣಕ್ಕೆ ಬಾಸ್ಟನ್ನಿನ ಒಂದು ಸಾಲದ ಮನೆ. ಅದರ ಪರವಾಗಿ ಹಾಲಿಸ್ ಕ್ರೇನ್ ಎಂಬ ತೆಳ್ಳನೆಯ, ಶುಭ್ರ ಕಾಲರಿನ ಮನುಷ್ಯ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ. ಊರಿನ ಮೂವತ್ತು ಸಾವಿರ ಬಂದರೆ ದಾರಿ ಉಳಿಯುತ್ತದೆ. ಬರದಿದ್ದರೆ ಬಾಸ್ಟನ್ನಿನವರು ಹಳಿ ಕಿತ್ತು ಮಾರುತ್ತಾರೆ, ಅಡವಿಟ್ಟಿದ್ದ ಆಲ್ವಾನ ಅಂಗಡಿಯನ್ನೂ ತಗೊಳ್ಳುತ್ತಾರೆ. ಸ್ಲೀಪರು ಕಡಿದು ಕೊಟ್ಟವರಿಗೆ ಉಳಿಯುವುದು ಒಲೆ ಹೊತ್ತಿಸಲು ಒಂದೊಂದು ಕಾಗದ.

ಕೊನೆಯ ದಿನ ಬೆಳಿಗ್ಗೆ ಇಂಜಿನ್ನು ಊರಿನ ನಿಲ್ದಾಣಕ್ಕೆ ಇನ್ನು ಆರುನೂರು ಅಡಿ ದೂರದಲ್ಲಿ ನಿಂತಿತ್ತು. ಸ್ಲೀಪರುಗಳು ಹಿಮ ಗುಡಿಸಿಕೊಂಡು ಸಾಲಾಗಿ ಮಲಗಿ ಕಾಯುತ್ತಿದ್ದವು. ಹಾಕಲು ತಂದಿದ್ದ ಹಳಿ ಮುಗಿದಿತ್ತು. ಬರಬೇಕಾದ ಕೊನೆಯ ಎರಡು ವ್ಯಾಗನ್ ಹಳಿ ಜಂಕ್ಷನ್ನಿನಾಚೆ ಎಲ್ಲೋ ಹಿಮದಲ್ಲಿ ಹೂತು ಕೂತಿದ್ದವು.

"ಹಳಿ ಇಲ್ದೆ ರೈಲು ಓಡ್ಸೋ ಮಂತ್ರ ನಮ್ಮಜ್ಜಿಗೆ ಗೊತ್ತಿತ್ತು ಪೆಟ್ಟೆಂಗಿಲ್ರೇ," ಅಂದ ಡ್ರಿಸ್ಕಲ್, ಮೀಸೆಯ ಮಂಜು ಒರೆಸಿಕೊಳ್ಳುತ್ತ. "ನಂಗೆ ಹೇಳ್ಕೊಡದೆ ಸತ್ಲು ಪುಣ್ಯಾತ್ಗಿತ್ತಿ."

"ನಿನ್ನ ಮಂತ್ರ ಏನಿದೆ ಹೇಳು."

ಡ್ರಿಸ್ಕಲ್ ಹೆಬ್ಬೆರಳಿನಿಂದ ಬೆನ್ನ ಹಿಂದೆ ತೋರಿಸಿದ. ಹಿಂದೆ ದಾರಿ ಸ್ಪ್ರೂಸ್ ಮರಗಳ ನಡುವೆ ಬಾಗಿ ಮರೆಯಾಗುತ್ತಿತ್ತು. "ಅಲ್ಲಿ ನಾವು ದಾಟಿ ಬಂದಿರೋ ಹಳಿ ಸುಮ್ನೆ ಬಿದ್ದಿದೆ. ಇಪ್ಪತ್ತು ಜೊತೆ ಕಿತ್ರೆ ಇಲ್ಲಿಗೆ ಸರಿಹೋಗುತ್ತೆ. ಎತ್ತಿನ ಜಾರುಬಂಡಿ ಮೇಲೆ ಹೇರ್ಕೊಂಡು ಬಂದು ಮುಂದೆ ಹಾಕೋದು."

ಆಲ್ವಾ ಸೂರ್ಯನನ್ನು ನೋಡಿದ. ಡಿಸೆಂಬರಿನ ಸೂರ್ಯ, ಆಗಲೇ ಇಳಿಯುವ ಮನಸ್ಸು ಮಾಡಿದಂತಿದ್ದ. "ಕೀಳಿ," ಅಂದ.

ಮೂರೂವರೆಗೆ ಇಂಜಿನ್ನು ನಿಲ್ದಾಣ ಮುಟ್ಟಿತು. ಚರ್ಚಿನ ಗಂಟೆ ಹೊಡೆಯಿತು. ಊರಿನ ಬ್ಯಾಂಡಿನವರು ಕೈಗವಸು ಬಿಚ್ಚಿ, ತುತ್ತೂರಿಯ ತಣ್ಣನೆ ಹಿತ್ತಾಳೆಗೆ ತುಟಿ ಅಂಟದಂತೆ ನೋಡಿಕೊಂಡು ಊದಿದರು. ಹೆಂಗಸರು ಟೋಪಿಯ ದಾರ ಬಿಗಿ ಹಿಡಿದು ನಗುತ್ತಿದ್ದರು. ಆಲ್ವಾ ಇಂಜಿನ್ನಿನಿಂದ ಇಳಿದಾಗ ಯಾರೋ ಅವನ ಟೋಪಿ ಕಿತ್ತು ಮೇಲೆ ಎಸೆದರು. ತಿರುವಿನ ಹಿಂದೆ ಹಳಿ ಇಲ್ಲದ್ದು ಅಲ್ಲಿ ಯಾರಿಗೂ ಕಾಣುತ್ತಿರಲಿಲ್ಲ.

ನಿಲ್ದಾಣದೊಳಗೆ ಒಲೆಯ ಪಕ್ಕ ಕ್ರೇನ್ ಕಾಗದ ಹರಡಿ, ಲೇಖನಿಯನ್ನು ಶಾಯಿಗೆ ಅದ್ದಿಯೇ ಇಟ್ಟಿದ್ದ. ಆಲ್ವಾ ಕನ್ನಡಕ ಹಾಕಿಕೊಂಡು ಓದಿದ. ತನ್ನದೇ ಸಾಲುಗಳು. ಹಳಿ ಪೂರ್ತಿ ಹಾಕಿದೆ. ಗಾಡಿ ಹೋಗಬಹುದು, ಬರಬಹುದು. ಕಿಟಕಿಯಾಚೆ ಇಂಜಿನ್ನು ಉಸಿರಾಡುತ್ತ ನಿಂತಿತ್ತು. ಮೂರು ವಾರದಿಂದ ಅವನ ತಲೆಯಲ್ಲಿ ಇದ್ದದ್ದು ಮುಟ್ಟುವುದೊಂದೇ. ಮುಟ್ಟಿ ನಿಂತಿದ್ದ ಆ ಇಂಜಿನ್ನು ಈಗ ಬಂದ ದಾರಿಯಲ್ಲಿ ಅರ್ಧ ಮೈಲಿಯೂ ವಾಪಸು ಹೋಗುವಂತಿರಲಿಲ್ಲ.

"ಸಹಿ ಹಾಕಿ, ಸೂರ್ಯ ಮುಳುಗ್ತಾ ಇದ್ದಾನೆ," ಅಂದ ಕ್ರೇನ್.

"ತಿರುವಿನ ಹಿಂದೆ ಆರುನೂರು ಅಡಿ ಹಳಿ ಇಲ್ಲ, ಮಿಸ್ಟರ್ ಕ್ರೇನ್."

"ನಂಗೆ ಗೊತ್ತು. ಡ್ರಿಸ್ಕಲ್ ಹೇಳ್ದ. ಚೆನ್ನಾಗೇ ಮಾಡಿದ್ದೀರಿ. ಇನ್ನು ಎರಡು ವಾರದಲ್ಲಿ ಹಳಿ ಬರುತ್ತೆ, ಹಾಕ್ತೀರಿ, ಇಲ್ಲಿ ಬರ್ದಿರೋದೆಲ್ಲ ನಿಜ ಆಗುತ್ತೆ. ಎರಡು ವಾರ ಮುಂಚೆ ಸಹಿ ಹಾಕಿದ್ರೆ ಆಕಾಶ ಬೀಳುತ್ತಾ?"

ಬೀಳುವುದಿಲ್ಲವೆಂದು ಆಲ್ವಾನಿಗೂ ಗೊತ್ತಿತ್ತು. ಅದೇ ಕಷ್ಟವಾಗಿತ್ತು. ಅವನು ಲೇಖನಿ ಎತ್ತಿದ. ಅದರ ಮೊನೆಯಲ್ಲಿ ಶಾಯಿ ಒಂದು ಹನಿಯಾಗಿ ಕೂಡಿಕೊಂಡಿತು. ಜೇಬಿಗೆ ಚೀಟಿ ತುರುಕಿಸಿಕೊಂಡು ಓದದೆಯೇ ಹೋಗುತ್ತಿದ್ದ ಜನ ನೆನಪಾದರು. ಅವರು ಓದುತ್ತಿರಲಿಲ್ಲ, ಯಾಕೆಂದರೆ ಬರೆದವನು ಅವನು. ಲೇಖನಿಯನ್ನು ಒರೆಸಿ, ಕಾಗದದ ಪಕ್ಕ ಇಟ್ಟು, ಅವನು ಹೊರಗೆ ಹೋದ.

ಬ್ಯಾಂಡಿನವರಿಗೆ ಕೈ ಎತ್ತಿ ನಿಲ್ಲಿಸಲು ಹೇಳಿದ. "ರೈಲು ಬಂದಿದೆ," ಅಂದ. ಜನ ಕೂಗಿದರು. "ಆದ್ರೆ ವಾಪಸ್ ಹೋಗೋಕೆ ಹಳಿ ಇಲ್ಲ. ಹಿಂದಿಂದ ಕಿತ್ತು ಮುಂದೆ ಹಾಕಿದ್ವಿ. ನಾನೇ ಕೀಳಿ ಅಂದೆ. ನಾನು ಸಹಿ ಹಾಕಲ್ಲ."

ಮೊದಲು ಎಲ್ಲರೂ ನಕ್ಕರು, ತಮಾಷೆ ಎಂದುಕೊಂಡು. ನಗು ಒಂದು ಕಡೆಯಿಂದ ನಿಲ್ಲುತ್ತ ಬಂತು. ತುತ್ತೂರಿಯವನು ಕೈಗವಸು ಹಾಕಿಕೊಂಡ. ಲವೀನಾ ಗುಂಪಿನ ನಡುವಿನಿಂದ ಬಂದು, ಹಿಮದಲ್ಲಿ ಬಿದ್ದಿದ್ದ ಟೋಪಿ ಎತ್ತಿ, ಕೊಡವಿ, ಅವನ ಕೈಗೆ ಕೊಟ್ಟಳು. ಕ್ರೇನ್ ಅದೇ ಸಂಜೆ ಜಾರುಬಂಡಿ ಹತ್ತಿ ಹೊರಟು ಹೋದ. ಹೋಗುವ ಮುಂಚೆ ಇಷ್ಟು ಹೇಳಿದ: "ಮಾರ್ಚ್ ಕೊನೇವರೆಗೆ ಕಾಯ್ತೀವಿ. ಆಮೇಲೆ ಹಳಿ ನಮ್ದು."

ಜನವರಿಯೆಲ್ಲ ಆಲ್ವಾ ಬೈಸಿಕೊಂಡ. ವಿಚಿತ್ರವೆಂದರೆ ಬೈದವರಲ್ಲಿ ಹೆಚ್ಚಿನವರು ಹಳಿ ಕಿತ್ತದ್ದಕ್ಕೆ ಬೈಯಲಿಲ್ಲ.

"ಒಂದು ಸಹಿ ಆಲ್ವಾ! ನಿನ್ನ ಹೆಸ್ರು ಬರೆಯೋಕೆ ಎಷ್ಟು ಶಾಯಿ ಬೇಕಾಗಿತ್ತು?" ಅಂದ ಕಮ್ಮಾರ, ಅಂಗಡಿಯ ಒಲೆಗೆ ಬೆನ್ನು ಕಾಯಿಸಿಕೊಳ್ಳುತ್ತ.

"ಉದ್ದನೆ ಹೆಸ್ರಲ್ವಾ ಪಾಪ, ಪೆಟ್ಟೆಂಗಿಲ್," ಅಂದ ಇನ್ನೊಬ್ಬ. "ಸೂರ್ಯ ಮುಳುಗೋದ್ರೊಳಗೆ ಮುಗೀತಿರ್ಲಿಲ್ವೇನೋ."

ಮನೆಯಲ್ಲಿ ಲವೀನಾ ಮಾತ್ರ ಬೈಯಲಿಲ್ಲ. ನಾಲ್ಕನೇ ದಿನ ಅವನೇ ಕೇಳಿದ: "ನೀನೂ ಬೈದುಬಿಡು."

"ಅಂಗಡಿ ಹೋದ್ರೆ ಎಲ್ಲಿರೋಣ ಅಂತ ಲೆಕ್ಕ ಹಾಕ್ತಾ ಇದ್ದೆ, ಆಲ್ವಾ. ಅಷ್ಟೇ. ತಂಗಿ ಮನೇಲಿ ಅಟ್ಟದ ಕೋಣೆ ಖಾಲಿ ಇದೆ. ಚಿಕ್ಕದು. ನಿನ್ನ ಕಾಲು ಹೊರಗೆ ಬರುತ್ತೆ." ಆಮೇಲೆ ಬೀನ್ಸಿನ ದೊಡ್ಡ ಮಡಕೆಯನ್ನು ಒಲೆಯಿಂದ ಇಳಿಸಿದಳು. "ಇದನ್ನ ಡ್ರಿಸ್ಕಲ್ ಜನಕ್ಕೆ ತಗೊಂಡು ಹೋಗು. ಕೂಲಿ ಇಲ್ದೆ ಕಾಯ್ತಾ ಇದಾರೆ. ಅವರ ಹೊಟ್ಟೆ ಯಾವ ಕಾಗದಕ್ಕೂ ಸಹಿ ಹಾಕಿಲ್ಲ."

ಡ್ರಿಸ್ಕಲ್ ಇಂಜಿನ್ನಿನ ನೀರು ಇಳಿಸಿ, ಒಲೆ ಆರಿಸಿ, ಅದಕ್ಕೆ ಕುದುರೆಗಳ ಕಂಬಳಿ ಹೊದಿಸಿದ್ದ. ಹಳಿ ಬಂದಾಗ ಅವನ ಜನ ಕೂಲಿ ಕೇಳದೆ ಹಾಕಿದರು. ಮೊಳೆ ಹೊಡೆಯುವ ಸದ್ದು ಹೆಪ್ಪುಗಟ್ಟಿದ ಗಾಳಿಯಲ್ಲಿ ಊರಿಗೆಲ್ಲ ಕೇಳಿಸಿತು. ಆದರೆ ತಾರೀಕು ದಾಟಿತ್ತು. ಇನ್ನೇನಿದ್ದರೂ ಊರಿನ ಸಭೆ.

ಮಾರ್ಚಿನ ಮೊದಲ ಮಂಗಳವಾರ ಸಭೆ ಸೇರಿತು. ರೂಢಿಯಂತೆ ಮೊದಲು ಬೇಲಿ ನೋಡುವವರನ್ನು ಆರಿಸಿದರು. ಆ ವರ್ಷ ಮದುವೆಯಾದ ಇಬ್ಬರು ಗಂಡುಗಳನ್ನು ನಗುನಗುತ್ತ ಹಂದಿ ಕಾಯುವ ಹುದ್ದೆಗೆ ನೇಮಿಸಿದರು. ಹಿಂದಿನ ಬಾಗಿಲಲ್ಲಿ ಹೆಂಗಸರು ಊಟದ ಸಿದ್ಧತೆ ಬಿಟ್ಟು ಬಂದು ನಿಂತರು. ಲವೀನಾಳ ಕೈಯಲ್ಲಿ ಸೌಟು ಇತ್ತು. ಒಂಬತ್ತನೆಯ ವಿಷಯ: ತಾರೀಕು ತಪ್ಪಿದರೂ ರೈಲಿಗೆ ಹಣ ಕೊಡಬೇಕೆ.

ಆ ಸಭೆಯಲ್ಲಿ ಯಾರೂ ಯಾರೊಡನೆಯೂ ನೇರ ಮಾತಾಡುವಂತಿಲ್ಲ. ಏನಿದ್ದರೂ ಅಧ್ಯಕ್ಷಪೀಠದಲ್ಲಿ ಕೂತ ಚರ್ಚಿನ ಹಿರಿಯ ಡೀಕನ್ ಸ್ಟಿಕ್ನಿಗೇ ಹೇಳಬೇಕು. ಬ್ಲಾಜೆಟ್ ಎದ್ದು ನಿಂತ. ಆಲ್ವಾ ಅವನಿಂದ ಎರಡು ಬೆಂಚು ಮುಂದೆ.

"ಸಭಾಧ್ಯಕ್ಷರೇ, ಆಲ್ವಾ ಪೆಟ್ಟೆಂಗಿಲ್‌ನ ಕೇಳಿ. ಮೂವತ್ತೊಂದನೇ ತಾರೀಕು ಸೂರ್ಯ ಮುಳುಗೋಕೆ ಮುಂಚೆ ಇಂಜಿನ್ನು ಊರೊಳಗೆ ಇತ್ತಾ ಇಲ್ವಾ?"

"ಸಭಾಧ್ಯಕ್ಷರೇ, ಇತ್ತು."

"ಹಿಂದೆ ಹಳಿ ಇಲ್ಲ ಅಂತ ಎಷ್ಟು ಜನಕ್ಕೆ ಗೊತ್ತಿತ್ತು?"

"ಬಾಸ್ಟನ್ನಿನವರಿಗೆ, ನಂಗೆ, ಡ್ರಿಸ್ಕಲ್ಲಿಗೆ, ಅವನ ಜನಕ್ಕೆ."

"ಅಂದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ."

"ಇಲ್ಲ, ಯುರೈಯಾ." ಡೀಕನ್ ಮೇಜು ಕುಟ್ಟಿದ. "ಸಭಾಧ್ಯಕ್ಷರೇ, ಅವನಿಗೆ ಗೊತ್ತಾಗ್ತಿರ್ಲಿಲ್ಲ," ಎಂದು ಆಲ್ವಾ ತಿದ್ದಿ ಹೇಳಿದ. ಅವನ ಕಿವಿ ಕೆಂಪಾಗಿತ್ತು. ಭಾಷಣವೊಂದನ್ನು ಮಾಡಬೇಕೆಂದು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ. ಅದರ ಒಂದಕ್ಷರವೂ ಈಗ ನಾಲಿಗೆಗೆ ಬರಲಿಲ್ಲ. "ದಾರಿ ಈಗ ಪೂರ್ತಿ ಆಗಿದೆ. ಅವತ್ತು ಆಗಿರ್ಲಿಲ್ಲ. ನಂಗೆ ಹೇಳೋಕಿರೋದು ಇಷ್ಟೇ," ಎಂದು ಕೂತ.

ಬ್ಲಾಜೆಟ್ ಕೂರಲಿಲ್ಲ. ಗಡ್ಡ ಕೆರೆದುಕೊಂಡ. ಅವನ ಬೆನ್ನ ಹಿಂದಿನ ಗುಡ್ಡದ ಜನ ಅವನು 'ಬೇಡ' ಅನ್ನುವುದನ್ನೇ ಕಾದಿದ್ದರು.

"ಸಭಾಧ್ಯಕ್ಷರೇ, ನಮ್ಮ ಕೆಲ್ಸದಾಳು ಬೆಳಿಗ್ಗೆ ತಡ ಮಾಡಿ ಬಂದ್ರೆ ನಾನು ಕೂಲಿ ಮುರೀತೀನಿ. ಓಡ್ಸಲ್ಲ. ಓಡ್ಸಿದ್ರೆ ಹಾಲು ಯಾರು ಕರೀತಾರೆ? ನನ್ನ ತಿದ್ದುಪಡಿ ಏನಂದ್ರೆ, ಕೊಡೋಣ. ತಡ ಆದ ದಿನಕ್ಕೆ ಇಪ್ಪತ್ತು ಡಾಲರ್ ಹಾಗೆ ಮುರ್ಕೊಳೋಣ. ಹದಿನೇಳು ದಿನ ತಡ."

ಸಭೆಯಲ್ಲಿ ಗುಜುಗುಜು ಎದ್ದಿತು. ಆಲ್ವಾ ಮತ್ತೆ ಎದ್ದ.

"ಸಭಾಧ್ಯಕ್ಷರೇ, ಹದಿನೇಳಲ್ಲ. ಕೊನೇ ಮೊಳೆ ಹೊಡೆದದ್ದು ಜನವರಿ ಹದಿನೆಂಟನೇ ತಾರೀಕು ಬೆಳಿಗ್ಗೆ."

ಮೊದಲು ಕಮ್ಮಾರ ನಕ್ಕ. ಅವನ ನಗು ಬೆಂಚಿನಿಂದ ಬೆಂಚಿಗೆ ದಾಟಿ ಗುಡ್ಡದ ಜನರನ್ನೂ ಮುಟ್ಟಿತು. "ಸಭಾಧ್ಯಕ್ಷರೇ, ಈ ಮನುಷ್ಯನ್ನ ಕೂರ್ಸಿ, ಇಲ್ದಿದ್ರೆ ಇನ್ನೂ ಇಪ್ಪತ್ತು ಕಳ್ಕೊತಾನೆ," ಅಂತ ಯಾರೋ ಕೂಗಿದರು. ಡೀಕನ್ ಮೇಜು ಕುಟ್ಟಿ ಕುಟ್ಟಿ ಸುಸ್ತಾದ.

"ಇನ್ನೊಂದು," ಅಂದ ಬ್ಲಾಜೆಟ್. "ದುಡ್ಡು ಕೊಡೋಕೆ ಮುಂಚೆ ನಮ್ಮೋನೊಬ್ಬ ಆ ಹದಿಮೂರು ಮೈಲೀನೂ ನಡ್ಕೊಂಡು ಹೋಗಿ ನೋಡ್ಬೇಕು. ನಾನು ಕಾಗದ ನಂಬಲ್ಲ, ಕಾಲು ನಂಬ್ತೀನಿ."

"ಯಾರು ನಡೀತಾರೆ?" ಎಂದು ಡೀಕನ್ ಕೇಳಿದ.

"ನಾನೇ. ಬೇರೆಯವರ ಕಾಲು ನಂಬಲ್ಲ."

ಸಭೆ ಎರಡಾಗಿ ಒಡೆದು ನಿಂತಿತು. ಹಾಗೇ ಅಲ್ಲಿ ಮತ ಎಣಿಸುವುದು. ಕೊಡೋಣ ಅನ್ನುವವರು ಕಿಟಕಿಯ ಕಡೆ, ಬೇಡ ಅನ್ನುವವರು ಒಲೆಯ ಕಡೆ. ಬೂಟುಗಳು ಹಲಗೆ ನೆಲವನ್ನು ಉಜ್ಜಿದವು. ಆಲ್ವಾ ತಲೆ ಎತ್ತಲಿಲ್ಲ. ಕಿಟಕಿಯಿಂದ ಬರುತ್ತಿದ್ದ ಬಿಸಿಲು ಒಬ್ಬೊಬ್ಬರಾಗಿ ಅಡ್ಡ ಬಂದವರಿಂದ ತುಂಡು ತುಂಡಾಗಿ, ಕೊನೆಗೆ ಪೂರ್ತಿ ಮುಚ್ಚಿಹೋಯಿತು. ಆಗ ಅವನಿಗೆ ಗೊತ್ತಾಯಿತು. ನೂರ ನಲವತ್ತೊಂದು, ಅರವತ್ತೆಂಟು ಎಂದು ಡೀಕನ್ ಓದುವ ಹೊತ್ತಿಗೆ ಹಿಂದಿನ ಬಾಗಿಲಲ್ಲಿ ಲವೀನಾ ಸೌಟನ್ನು ಏಪ್ರನ್ನಿಗೆ ಒರೆಸುತ್ತಿದ್ದಳು, ಮತ್ತೆ ಮತ್ತೆ, ಅದರಲ್ಲಿ ಏನೂ ಇಲ್ಲದಿದ್ದರೂ.

ಅಲ್ಲಿಂದ ಇಪ್ಪತ್ತಮೂರು ವರ್ಷ ಆ ದಾರಿ ಆಲ್ವಾನ ಕೈಯಲ್ಲಿತ್ತು. ಅದರಿಂದ ಅವನು ಶ್ರೀಮಂತನಾಗಲಿಲ್ಲ. ಅಂಗಡಿ ಬಿಡಿಸಿಕೊಂಡ, ಅಷ್ಟು. ದೊಡ್ಡ ಕಂಪನಿ ಕೊಳ್ಳಲು ಬಂದಾಗ ಸ್ಲೀಪರಿನ ಷೇರಿಗೂ ಹಣದ ಷೇರಿಗೂ ಒಂದೇ ಬೆಲೆ ಎಂದು ಹಟ ಹಿಡಿದು ಕೂತು, ಎರಡು ವರ್ಷ ಎಳೆದು, ಹಾಗೇ ಮಾಡಿಸಿದ. ಪ್ರತಿ ವರ್ಷ ಹಿಮ ಕರಗುವಾಗ ಇಡೀ ದಾರಿಯನ್ನು ನಡೆದು ನೋಡುವ ಅಭ್ಯಾಸ ಅವನಿಗೆ ಕೊನೆಯವರೆಗೂ ಇತ್ತು. ಅದು ಶುರುವಾದದ್ದು ಆ ಮಾರ್ಚಿನಲ್ಲಿ, ಬ್ಲಾಜೆಟ್‌ನ ಜೊತೆಗೆ.

ಇಬ್ಬರೂ ಮುಂಜಾನೆ ಹೊರಟರು. ಹಿಮದ ಮೇಲ್ಪದರ ಗಟ್ಟಿಯಾಗಿತ್ತು. ಮೇಪಲ್ ಮರಗಳಿಗೆ ಸಿಹಿರಸ ಹಿಡಿಯಲು ಬಕೆಟ್ಟು ತೂಗುಹಾಕಿದ್ದರು; ಬಿಸಿಲೇರಿದಂತೆ ಒಂದೊಂದರಲ್ಲೂ ರಸದ ಹನಿ ಬೀಳುವ ಸದ್ದು. ಸ್ಲೀಪರಿನಿಂದ ಸ್ಲೀಪರಿಗೆ ಹೆಜ್ಜೆ ಹಾಕಿದರೆ ದಾರಿ ಸಾಗದು, ಒಂದು ಬಿಟ್ಟು ಒಂದಕ್ಕೆ ಹಾಕಿದರೆ ತೊಡೆ ನೋವು. ಬ್ಲಾಜೆಟ್ ಅದಕ್ಕೂ ಆಲ್ವಾನನ್ನೇ ಬೈದ.

ತಿರುವಿನಲ್ಲಿ ಅವನು ನಿಂತ. "ಇಲ್ಲೇನಾ?"

"ಇಲ್ಲೇ. ಆ ಮುರಿದ ಸ್ಪ್ರೂಸಿಂದ ಈ ಬಂಡೆವರೆಗೆ."

ಬ್ಲಾಜೆಟ್ ಇಪ್ಪತ್ತು ಜೊತೆಯನ್ನೂ ಎಣಿಸಿದ, ಒಂದೊಂದು ಜೋಡಣೆಗೂ ಹಿಮ್ಮಡಿಯಿಂದ ಒದ್ದು ನೋಡಿದ. ಆಮೇಲೆ ಊರಿನ ಕಡೆ ತಿರುಗಿದ. ಚರ್ಚಿನ ಗೋಪುರವೂ ಅಲ್ಲಿಂದ ಕಾಣುತ್ತಿರಲಿಲ್ಲ, ಬರೀ ಮರ.

"ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಹಾಕ್ಬಿಡ್ತಿದ್ದೆ ಕಣೋ ಸಹಿ," ಅಂದ.

ಆಲ್ವಾ ಮುಂದಿನ ಸ್ಲೀಪರಿಗೆ ಕಾಲಿಟ್ಟ. ಇಬ್ಬರೂ ನಡೆದರು.

ಜಂಕ್ಷನ್ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಸ್ಟೇಷನ್ನಿನವನ ಮೇಜಿನ ಮೇಲೆ ಆಲ್ವಾ ಆಣೆಯ ಕಾಗದಕ್ಕೆ ಸಹಿ ಹಾಕಿದ. ಕೆಳಗೆ ಬ್ಲಾಜೆಟ್, ದೊಡ್ಡ ದೊಡ್ಡ ಅಕ್ಷರಗಳಲ್ಲಿ, ತನ್ನದನ್ನು. ಹೊರಗೆ ಡ್ರಿಸ್ಕಲ್‌ನ ಇಂಜಿನ್ನು ಒಂದೇ ಒಂದು ಡಬ್ಬಿ ಕಟ್ಟಿಕೊಂಡು ಹಾಲ್‌ಬರೊ ಕಡೆ ಮುಖಮಾಡಿ ನಿಂತಿತ್ತು.

"ಕಂಪನಿ ಅಧ್ಯಕ್ಷನ ಸ್ನೇಹಿತರಿಗೆ ಪುಕ್ಕಟೆ ಅಂತೆ ಬೇರೆ ರೈಲುಗಳಲ್ಲಿ," ಅಂದ ಬ್ಲಾಜೆಟ್, ಬೂಟಿನ ಕೆಸರು ಕೆರೆಯುತ್ತ.

"ಐವತ್ತೆರಡು ಸೆಂಟ್," ಅಂದ ಆಲ್ವಾ.

"ಐವತ್ತೆರಡಾ! ಹಗಲುದರೋಡೆ."

ಬೈಯುತ್ತಲೇ ಅವನು ಚರ್ಮದ ಚೀಲ ಬಿಚ್ಚಿ ಎಣಿಸಿ ಕೊಟ್ಟ, ಮತ್ತು ಡಬ್ಬಿಯೊಳಗೆ ಹೋಗಿ, ತನ್ನ ಹೊಲ ಯಾವ ಕಡೆಯ ಕಿಟಕಿಗೆ ಕಾಣುತ್ತದೆಂದು ವಿಚಾರಿಸಿ, ಆ ಕಡೆಯೇ ಕೂತ. ಆಲ್ವಾ ಎದುರಿನ ಬೆಂಚಿನಲ್ಲಿ ಕೂತ. ಅವನ ಕೈಯಲ್ಲೂ ಒಂದು ಟಿಕೆಟ್ಟಿತ್ತು.